ಸರಿ

ಶಿರಾದ ಸಂತೆ ಮೈದಾನದ ಹಿಂದೆ
ತಗಡಿನ ಕೆಳಗೆ ನನ್ನ ಅಂಗಡಿ.
ಬಾಗಿಲಿಗಿಂತ ಮೊದಲು ವಾಸನೆ ಎದುರಾಗುತ್ತಿತ್ತು,
ಡ್ರಮ್ಮಿನ ಅಂಟು.
ಮುಚ್ಚಳ ತೆಗೆದರೆ
ಈರುಳ್ಳಿ ಹೆಚ್ಚದೆಯೇ ಕಣ್ಣೀರು.
ಇಪ್ಪತ್ತೆರಡು ವರ್ಷ ಪದರದ ಮೇಲೆ ಪದರ ಕೂರಿಸಿ
ಬೀರು ಮಾಡಿದೆ, ಮಂಚ ಮಾಡಿದೆ.
ಯಾರ್ಯಾರದೋ ಕೋಣೆಗಳಲ್ಲಿ
ಆ ಅಂಟು ಈಗಲೂ ಮೆಲ್ಲಗೆ ಉಸಿರು ಬಿಡುತ್ತಿದೆ,
ಮಲಗಿದವರು ಎಳೆದುಕೊಳ್ಳುತ್ತಿದ್ದಾರೆ.
ಯಾರೂ ಕೇಳಲಿಲ್ಲ.
ನಾನೂ ಹೇಳಲಿಲ್ಲ.

ಕೈಕೆಳಗಿನ ಹುಡುಗ ನೂರುಲ್ಲ
ಒಂದು ಮಧ್ಯಾಹ್ನ ಕೆಮ್ಮಿ ಕೆಮ್ಮಿ
ಗರಗಸ ಕೆಳಗಿಟ್ಟು ಹೊರಗೆ ಹೋದ.
ನೀರು ಕೊಡಲು ಹಿಂದೆಯೇ ಹೋದೆ.
ಎದುರು ಜಗಲಿಯಲ್ಲಿ ಕಂಬಳಿಯ ಚಿತ್ತಕ್ಕ
ಬಿಗಿದ ಹಾಸಿನ ಮೇಲೆ ಕುಂಚ ಎಳೆಯುತ್ತಿದ್ದಳು.
ಪಕ್ಕದ ಮಡಕೆಯಲ್ಲಿ ಮಾಸಲು ಗಂಜಿ,
ಹುಣಸೆ ಬೀಜ ಹುರಿದು, ಸಿಪ್ಪೆ ಕಳೆದು,
ನೆನೆಸಿ, ರುಬ್ಬಿ, ಕಾಯಿಸಿದ್ದು.
ಇದೇನಕ್ಕ ಎಂದೆ.
ಸರಿ ಎಂದಳು.
ಒಪ್ಪಿಕೊಂಡಳೋ ಹೆಸರು ಹೇಳಿದಳೋ
ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.
ಕುರಿಕೂದಲು ಹಿಡಿಯೋದು ಮರ ಹಿಡಿಯಲ್ವೇನೋ, ಒಯ್ಯಿ
ಎಂದು ಒಂದು ಚೊಂಬು ಕೊಟ್ಟಳು.

ಹುಣಸೆಯ ಹುಳಿಗೆ ಗಾದೆ ಇದೆ, ಮಾರ್ಕೆಟ್ ಇದೆ, ದಲ್ಲಾಳಿ ಇದ್ದಾನೆ.
ಬೀಜಕ್ಕೆ ಇದ್ದದ್ದು
ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ
ಚೌಕಾಬಾರದಲ್ಲಿ ಎಸೆದ ಅದೃಷ್ಟ,
ಅಷ್ಟೇ.

ಮೊದಲ ಸಲ ಹಚ್ಚಿದ್ದು ಎರಡು ನೀಲಗಿರಿ ಹಲಗೆಗೆ.
ಬೆಳಗ್ಗೆ ನೋಡಿದರೆ ಇಲಿ ಊಟ ಮಾಡಿ ಹೋಗಿತ್ತು.
ನೂರುಲ್ಲ ನಕ್ಕ, ಕೆಮ್ಮು ಬರುವ ತನಕ ನಕ್ಕ.
ಎರಡನೆಯದಕ್ಕೆ ಬೂಷ್ಟು, ಹಸಿರು ಮೀಸೆ.
ಮೂರನೆಯದು ಹಿಡಿಯಿತು. ಬಕೆಟ್ಟಿನಲ್ಲಿ ಮುಳುಗಿಸಿಟ್ಟೆ.
ಸಂಜೆಗೆ ಎರಡೂ ಹಲಗೆ
ಪಾಲಾದ ಅಣ್ಣತಮ್ಮಂದಿರ ಹಾಗೆ
ಒಂದರ ಮುಖ ಒಂದು ನೋಡದೆ ತೇಲುತ್ತಿದ್ದವು.

ಬಕೆಟ್ಟು ನೋಡಿದವನು ನರಸೀಯಪ್ಪ,
ಮೂಲೆಯಲ್ಲಿ ಮೆಟ್ಟು ಹೊಲಿಯುವವನು.
ತೊಗಲು ನೀರಿಗೆ ಕೊಳೆಯದ ಹಾಗೆ ಮಾಡೋದು ಯಾವುದು ಹೇಳು,
ನಮ್ಮ ತಾತ ಗುಂಡಿಗೆ ಹಾಕುತ್ತಿದ್ದದ್ದು,
ನೀನು ದಿನಾ ಸೈಕಲ್ಲು ಒರಗಿಸ್ತೀಯಲ್ಲ
ಹಳದಿ ಹೂ ಬಿಟ್ಟ ಗಿಡ.

ತಂಗಡಿ.
ತೊಗಟೆ ಕುದಿಸಿದೆವು.
ನೀರು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.
ಸರಿಗೆ ಅದನ್ನು ಸುರಿದಾಗ ಮಡಕೆ ಒಮ್ಮೆ ಮುನಿದು
ಗಂಟುಗಂಟಾಗಿ, ಆಮೇಲೆ ನಿಧಾನ ಒಲಿಯಿತು.
ಚಿತ್ತಕ್ಕ ತಿರುವಿದಳು, ನರಸೀಯಪ್ಪ ತಿರುವಿದ,
ನೂರುಲ್ಲ, ನಾನು.
ನಾಲ್ಕು ಕೇರಿಯ ಕೈ ಒಂದೇ ಸೌಟು ಹಿಡಿದದ್ದನ್ನು
ಸಂತೆ ನೋಡಿತು.
ಊಟಕ್ಕಲ್ಲವಲ್ಲ,
ಯಾರೂ ಏನೂ ಅನ್ನಲಿಲ್ಲ.

ಹಚ್ಚಿ, ಬಿಗಿದು, ಮೇಲೆ ಎರಡು ಚಪ್ಪಡಿ ಹೇರಿ
ಮೂರು ದಿನ ಬಿಟ್ಟೆ.
ನಾಲ್ಕನೆಯ ದಿನ ಸುತ್ತಿಗೆ ಎತ್ತಿ
ಕೂಡಿದ ಗೆರೆಯ ಮೇಲೇ ಹೊಡೆದೆ.

ಮುರಿದದ್ದು ಮರ.
ಗೆರೆ ಹಾಗೆಯೇ ಇತ್ತು,
ಎರಡೂ ಕಡೆಯ ಸಿಬಿರು ಕಚ್ಚಿಕೊಂಡು.

ಸುಳ್ಳು ಹೇಳುವುದಿಲ್ಲ.
ನೀರಿನಲ್ಲಿ ಒಂದು ರಾತ್ರಿ ತಡೆಯಿತು,
ಎರಡನೆಯ ರಾತ್ರಿ ಮೂಲೆ ಬಾಯಿ ಬಿಟ್ಟಿತು.
ಬಚ್ಚಲ ಬಾಗಿಲಿಗೆ ಬೇಡ ಎಂದು ಗಿರಾಕಿಗೆ ಮೊದಲೇ ಹೇಳುತ್ತೇನೆ.
ಕೆಲವರು ಎದ್ದು ಹೋಗುತ್ತಾರೆ.
ಡ್ರಮ್ಮು ಇನ್ನೂ ಮೂಲೆಯಲ್ಲಿದೆ, ಅರ್ಧ,
ಮುಚ್ಚಳದ ಮೇಲೆ ಉಳಿ ಮಸೆಯುವ ಕಲ್ಲು.

ನಿನ್ನೆ ಚಿತ್ತಕ್ಕನ ಮೊಮ್ಮಗು
ತೆವಳಿಕೊಂಡು ಬಂದು ಮಡಕೆಗೆ ಬೆರಳದ್ದಿತು.
ಇಪ್ಪತ್ತೆರಡು ವರ್ಷದ ಕೈ
ತಾನಾಗಿಯೇ ಹೊಡೆಯಲು ಎದ್ದಿತು,
ಮೇಲೆ ಹೋದದ್ದು ಅಲ್ಲೇ ನಿಂತು
ಏನು ಮಾಡಬೇಕೋ ತಿಳಿಯದೆ
ತಲೆ ಕೆರೆದುಕೊಂಡಿತು.
ಮಗು ಬೆರಳು ಚೀಪಿ,
ಮುಖ ಸೊಟ್ಟ ಮಾಡಿ,
ಥೂ, ಒಗರು ಎಂದಿತು.